ಸಾರ್ ಅಂದವರು ಯಾರು?

ಊರಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಮುಖ ಸಣ್ಣ ಮಾಡಿಕೊಂಡು ‘ಸಾರ್, ಸಾರ್’ ಅನ್ನುತ್ತ ಹಿಂದೆ ಹಿಂದೆ ಹೋಗುವುದು. ಇಳಿಯದೆ ಕೂತರೆ ‘ಏನ್ ಧಿಮಾಕು ಇವನಿಗೆ’ ಅನ್ನಿಸಿಕೊಳ್ಳಬೇಕು. ಬಸವನಗುಡಿಯ ಈ ಸಂಸ್ಕಾರವನ್ನು ನಾನು ಅಮೆರಿಕಕ್ಕೂ ಹೊತ್ತು ತಂದಿದ್ದೆ.

ವರ್ಜೀನಿಯಾದಿಂದ ಅಟ್ಲಾಂಟಾದ ಅಕ್ಕನ ಮನೆಗೆ ಹೊರಟಿದ್ದೆವು. ಪೀಟರ್ಸ್‌ಬರ್ಗಿನಲ್ಲಿ 85ನೇ ನಂಬರಿನ ಹೆದ್ದಾರಿ ಹಿಡಿದರೆ ಎರಡೂ ಕ್ಯಾರೊಲೈನಾ ದಾಟಿಸಿ ಜಾರ್ಜಿಯಾ ಮುಟ್ಟಿಸುತ್ತದೆ. ಆ 85 ಅನ್ನುವುದು ರಸ್ತೆಯ ನಂಬರು, ವೇಗವಲ್ಲ ಎಂಬುದು ನನ್ನ ಬಲಗಾಲಿಗೆ ಗೊತ್ತಿರಲಿಲ್ಲ. ವರ್ಜೀನಿಯಾದಲ್ಲಿ ಗಂಟೆಗೆ 85 ಮೈಲಿ ದಾಟಿದರೆ ಬರೀ ದಂಡವಲ್ಲ, ಅಪರಾಧವೇ. ಅಲ್ಲಿ ಹೇಗೋ ಬಚಾವಾದೆ. ದಕ್ಷಿಣ ಕ್ಯಾರೊಲೈನಾದ ಗಾಫ್ನಿ ಹತ್ತಿರ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕಿದೆ, 1981ರದ್ದು. ಒಂದು ಕಡೆಯಿಂದ ನೋಡಿದರೆ ಹಣ್ಣಲ್ಲ, ಬೇರೇನೋ ನೆನಪಾಗುತ್ತದೆ. ಮಕ್ಕಳು ಕಿಸಕ್ಕೆಂದರು, ನಾನೂ ಕತ್ತು ತಿರುಗಿಸಿದೆ. ಕನ್ನಡಿಯಲ್ಲಿ ನೀಲಿ ದೀಪ.

ಬೆಲ್ಟು ಬಿಚ್ಚಿ, ಬಾಗಿಲು ತೆಗೆದು, ಒಂದು ಕಾಲು ಕೆಳಗಿಟ್ಟೆ ನೋಡಿ, ಹಿಂದಿನಿಂದ ಮೈಕಿನಲ್ಲಿ ಗುಡುಗು: ‘ಸರ್, ಕಾರಿನೊಳಗೇ ಇರಿ!’

ಹೆಂಡತಿ ಅಂಗಿ ಹಿಡಿದು ಎಳೆದಳು. ‘ರೀ, ಕೈ ಸ್ಟೇರಿಂಗ್ ಮೇಲಿಡಿ! ಕಾಗದ ಆಮೇಲೆ ಹುಡುಕಿ!’ ಊರಲ್ಲಿ ಕೈ ಮುಗಿದರೆ ಕೆಲಸ ಆಗುತ್ತದೆ, ಇಲ್ಲಿ ಕೈ ಕಾಣಿಸುತ್ತಿದ್ದರೆ ಸಾಕು.

ಆತ ಇಳಿದವನೇ ಮೊದಲು ಅಗಲ ಅಂಚಿನ ಹ್ಯಾಟನ್ನು ತಲೆಗಿಟ್ಟು, ಸರಿಯಾಗಿ ಕೂತಿದೆಯಾ ಎಂದು ಎರಡು ಬೆರಳಲ್ಲಿ ನೋಡಿಕೊಂಡ. ಆಮೇಲೆ ಶುರುವಾಯಿತು. ನಾನು ‘ಸಾರ್’ ಅಂದೆ, ಅವನೂ ‘ಸರ್’ ಅಂದ. ಲೈಸೆನ್ಸು ಕೊಡಿ ಸರ್, ಎಷ್ಟು ಸ್ಪೀಡಲ್ಲಿದ್ದಿರಿ ಗೊತ್ತಾ ಸರ್, ಇಲ್ಲಿ ಸಹಿ ಸರ್. ಜನ್ಮದಲ್ಲಿ ಯಾವ ಪೊಲೀಸನೂ ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಮರ್ಯಾದೆಯ ಜೊತೆಗೆ ಚೀಟಿಯನ್ನೂ ಕೊಟ್ಟ.

ವಾಷಿಂಗ್ಟನ್ನಿನಲ್ಲಾದರೆ ಯಾವ ಪೊಲೀಸರಿಗೆ ಸಾರ್ ಅನ್ನಬೇಕೆಂಬುದೇ ಗೊಂದಲ. ಊರಿಗೊಂದು ಪಡೆ, ಕ್ಯಾಪಿಟಲ್ ಭವನಕ್ಕೊಂದು, ಪಾರ್ಕುಗಳಿಗೊಂದು, ಮೆಟ್ರೊ ರೈಲಿಗೊಂದು, ಪಾಂಡಾ ಇರುವ ಝೂಗೂ ಒಂದು. ಹುಲಿಯ ಮುಂದೆ ನಿಂತಾಗಲೂ ಜೇಬಿನಿಂದ ಕೈ ಹೊರಗೇ ಇಟ್ಟುಕೊಳ್ಳುವಷ್ಟು ಪಳಗಿದ್ದೇನೆ.

ಮೊನ್ನೆ ರಜಕ್ಕೆ ಬೆಂಗಳೂರಿಗೆ ಹೋಗಿದ್ದೆ. ಸಿಗ್ನಲ್ ದಾಟಿದ ಕೂಡಲೇ ಪೊಲೀಸಪ್ಪ ಕೈ ಅಡ್ಡ ಹಾಕಿದ. ತಲೆ ಮೇಲೆ ಹೊಸ ನೀಲಿ ಟೋಪಿ. ಒಂದು ಪಕ್ಕ ಮಡಿಚಿದ ಆ ಹಳೇ ಹ್ಯಾಟು 2025ರಲ್ಲಿ ಹೋಯಿತಲ್ಲ. ನಾನು ಎಂಜಿನ್ ಆರಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ಎದುರಿಗೇ ನೋಡುತ್ತ ಗರುಡಗಂಬದ ಹಾಗೆ ಕೂತೆ. ಒಂದು ನಿಮಿಷವಾಯಿತು, ಎರಡಾಯಿತು. ಗಾಜು ಟಕಟಕ ಅಂತು.

‘ಏನ್ ಸಾಹೇಬ್ರೇ, ಇಳಿಯಕ್ಕೆ ಮುಹೂರ್ತ ನೋಡ್ತಿದೀರಾ?’