ಹಳೆಯ ಫ್ರಾಕಿಗೆ ಹೊಸ ಬಣ್ಣ ಬಳಿಯುವ ಕ್ರಮ

1935ರಿಂದ 1942ರವರೆಗೆ ಅಮೆರಿಕ ಸರ್ಕಾರ, ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕೂತಿದ್ದ ಕಲಾವಿದರಿಗೆ ಸಂಬಳ ಕೊಟ್ಟು ಹಳೆಯ ಕಾಲದ ಮಕ್ಕಳ ಅಂಗಿ, ಕೌದಿ, ಕಸೂತಿ ಮುಂತಾದವನ್ನು ಜಲವರ್ಣದಲ್ಲಿ ಬರೆಸಿತು. 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಎಂಬ ಆ ಯೋಜನೆಯ ಸುಮಾರು 18,000 ಚಿತ್ರಗಳು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಪಾಪ, ಅವರು ಇದ್ದದ್ದನ್ನು ಇದ್ದಂತೆ ಬರೆದರು. ನೀವು ಹಾಗೆ ಮಾಡಬೇಡಿ.

ವಸ್ತುವಿನ ಎದುರು ಕೂರಲು ಹೋಗಬೇಡಿ. ಯೋಜನೆಯನ್ನು ಮೊದಲು ಯೋಚಿಸಿದವರಲ್ಲಿ ಒಬ್ಬರಾದ ರೂತ್ ರೀವ್ಸ್ ಕರಕುಶಲದ ಬೆನ್ನು ಹತ್ತಿ 1956ರಲ್ಲಿ ಭಾರತಕ್ಕೇ ಬಂದರು, ದೆಹಲಿಯಲ್ಲೇ ತೀರಿಕೊಂಡರು. ಅಷ್ಟೆಲ್ಲ ಯಾಕೆ? ಮೊಬೈಲ್ ಫೋಟೋ ಸಾಕು.

ಬಿಳಿ ಫ್ರಾಕಿನಿಂದ ಶುರುಮಾಡಿ. ಬಲ್ಲವರು ಕಾಗದವನ್ನೇ ಬಿಳಿಯಾಗಿ ಬಿಟ್ಟು ನೆರಳನ್ನಷ್ಟೇ ತೆಳುವಾಗಿ ಹಚ್ಚುತ್ತಾರೆ. ಅದಕ್ಕೆ ತಾಳ್ಮೆ ಬೇಕು. ನೀವು ಬಿಳಿ ಟ್ಯೂಬು ಹಿಂಡಿ, ಸುಣ್ಣ ಹೊಡೆದಂತೆ ಬಳಿಯಿರಿ. ಅಂಚಿನ ಹತ್ತಿರ ಅಡ್ಡಕ್ಕೆ ಒಂದು ಗೆರೆ, ಅದರುದ್ದಕ್ಕೂ ಸೂಜಿಯ ಸಣ್ಣ ತೂತುಗಳು ಕಾಣುತ್ತವೆ. ಮಗು ಬೆಳೆದಾಗ ತಾಯಿ ಮಡಿಕೆ ಬಿಚ್ಚಿ ಉದ್ದ ಮಾಡಿದ ಗುರುತು ಅದು. ಚಿತ್ರ ಕೆಡುತ್ತದೆ, ಮುಚ್ಚಿಬಿಡಿ. ಮೊಣಕೈಯ ತೇಪೆಯನ್ನೂ.

ಕೆಳಗೆ 'ಪುಟ್ಟ ಹುಡುಗಿಯ ಉಡುಪು' ಎಂದು ಬರೆಯಿರಿ. ಇಂಥ ಫ್ರಾಕು ಹೊಲಿದ ಕಾಲದಲ್ಲಿ ಗಂಡುಮಕ್ಕಳೂ ನಾಲ್ಕೈದು ವರ್ಷದವರೆಗೆ ಫ್ರಾಕನ್ನೇ ಹಾಕುತ್ತಿದ್ದರು ಎಂದು ಯಾರಾದರೂ ತಗಾದೆ ತೆಗೆದರೆ, ಒಂದು ಗುಲಾಬಿ ರಿಬ್ಬನ್ ಸೇರಿಸಿ. ವಾದ ಮುಗಿಯಿತು.

ಇನ್ನು ಹುಡುಗಿಯರು ಅಕ್ಷರಮಾಲೆ ಹೊಲಿದು ಕಲಿಯುತ್ತಿದ್ದ ಕಸೂತಿ ಬಟ್ಟೆ. ಅದನ್ನು ಯಾವ ಕಾರಣಕ್ಕೂ ತಿರುಗಿಸಿ ನೋಡಬೇಡಿ. ಮುಂದೆ ನೀಲಿಯಾಗಿರುವ ಎಲೆ ಹಿಂದೆ ಇನ್ನೂ ಹಸಿರಾಗಿರಬಹುದು: ನೀಲಿಯ ಮೇಲೆ ಹಾಕಿದ್ದ ಹಳದಿ ಬಣ್ಣ ಬೆಳಕಿಗೆ ಹಾರಿಹೋಗಿರುತ್ತದೆ. ಇದನ್ನು ತಿಳಿದುಕೊಂಡರೆ ಸುಮ್ಮನೆ ತಲೆನೋವು. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಹುಡುಗಿ ಅಕ್ಷರಗಳನ್ನು ಒತ್ತೊತ್ತಾಗಿ ತುರುಕಿದ್ದರೆ, ನೀವು ಸ್ಕೇಲಿಟ್ಟು ಸರಿಪಡಿಸಿ.

ಇಸವಿ ಇರಬೇಕಾದ ಕಡೆ ಬರೀ ತೂತುಗಳಿದ್ದರೆ ಗಾಬರಿ ಬೇಡ. ಕೆಲವು ಹೆಂಗಸರು ವಯಸ್ಸು ಬಯಲಾದೀತೆಂದು ಮುಂದೆ ಆ ದಾರ ಬಿಚ್ಚಿಹಾಕುತ್ತಿದ್ದರು. ನೀವು 1800 ಎಂದು ತುಂಬಿ, ದುಂಡಗೆ ಚೆನ್ನಾಗಿ ಕಾಣುತ್ತದೆ. ನಂತರ ಬಲಗಡೆ ಕೆಳಗೆ ನಿಮ್ಮ ಸಹಿ ಹಾಕಿ, ಆ ಹುಡುಗಿಯ ಹೆಸರಿಗಿಂತ ಕೊಂಚ ದೊಡ್ಡದಾಗಿ.