ಲೈಸೆನ್ಸ್ ಬಿಲ್ಲಿಗೆ ಸಹಿ ಹಾಕುವವನ ಬಹಿರಂಗ ಪತ್ರ

ವಿಮ್, ಈಮ್ಯಾಕ್ಸ್, ವಿಎಸ್ ಕೋಡ್ ಇತ್ಯಾದಿ ಸಮಸ್ತ ಮಠಗಳ ಪ್ರೋಗ್ರಾಮರ್ ಭಕ್ತರಿಗೆ,

ನಾನು ನಿಮ್ಮದೇ ಮಹಡಿಯಲ್ಲಿ, ಪ್ರಿಂಟರ್ ಪಕ್ಕದ ಮೂಲೆಯಲ್ಲಿ ಕೂರುವ ಲೆಕ್ಕಪತ್ರ ವಿಭಾಗದವನು. ಬೆನ್ನ ಹಿಂದೆ ನೀವು ನನ್ನನ್ನು ‘ಫೈನಾನ್ಸ್ ಅಂಕಲ್’ ಅನ್ನುತ್ತೀರಿ, ಗೊತ್ತು. ಬೇಸರವಿಲ್ಲ. ನಿಮ್ಮ ಎಡಿಟರ್, ಕ್ಲೌಡ್, ಈಗೀಗ ಎಐ ಸಹಾಯಕ, ಎಲ್ಲದರ ಬಿಲ್ಲೂ ನನ್ನ ಮೇಜು ದಾಟಿಯೇ ಹೋಗಬೇಕು. ಹಾಗಾಗಿ ಕೆಳಗಿನ ಬೇಕರಿ ಮುಂದೆ ಬೈಟು ಟೀ ಹಿಡಿದು ನೀವು ಆಡುವ ಮಾತಿಗೆ ಕಿವಿಗೊಡುವುದೂ ನನ್ನ ಉದ್ಯೋಗದ ಭಾಗ ಎಂದು ಭಾವಿಸಿದ್ದೇನೆ. ಮೊನ್ನೆ ಕೇಳಿಸಿಕೊಂಡದ್ದು:

‘ಮಗಾ, ಇನ್ನೂ ವಿಎಸ್ ಕೋಡಲ್ಲೇ ಇದ್ದೀಯಾ? ವಿಮ್‌ಗೆ ಬಾರೋ. ಮೌಸ್ ಮುಟ್ಟೋದೇ ಬೇಡ.’

‘ಮುಟ್ಟದೇ ಇದ್ರೆ ಏನುಳಿಯುತ್ತೆ?’

‘ಒಂದೊಂದು ಸಲಕ್ಕೂ ಎರಡು ಸೆಕೆಂಡ್ ಗುರೂ!’

‘ಸರಿ, ಆ ಟಿಕೆಟ್ ಯಾಕಿನ್ನೂ ಮುಗ್ಸಿಲ್ಲ?’

‘ವೀಕೆಂಡಿಂದ ವಿಮ್ ಕಾನ್ಫಿಗ್ ಸರಿ ಮಾಡ್ತಿದ್ದೀನಿ ಮಗಾ, ಪ್ಲಗಿನ್ ಒಂದು ಕೈ ಕೊಡ್ತಿದೆ.’

ಬಂಧುಗಳೇ, ಉಳಿದ ಎರಡು ಸೆಕೆಂಡು ನಿಮ್ಮ ಖಾತೆಗೆ ಜಮೆಯಾಗುತ್ತದೆ, ಕಾನ್ಫಿಗ್ ಬರೆದ ಸೋಮವಾರ ಮಂಗಳವಾರಗಳು ಕಂಪನಿಯ ಖಾತೆಗೆ ಖರ್ಚು ಬೀಳುತ್ತವೆ. ಈ ಬಗೆಯ ಬುಕ್ ಕೀಪಿಂಗ್ ನನಗೆ ಬಿ.ಕಾಂ.ನಲ್ಲಿ ಯಾರೂ ಕಲಿಸಲಿಲ್ಲ.

ನಿಮ್ಮ ಮಡಿ ಮೈಲಿಗೆಯ ಮೂಲವನ್ನೂ ಒಂದಿಷ್ಟು ಕೆದಕಿದ್ದೇನೆ. ಬಿಲ್ ಜಾಯ್ ಎಂಬಾತ 1976ರಲ್ಲಿ ಬರ್ಕ್ಲಿಯಲ್ಲಿ ನಿಮ್ಮ ವಿಮ್‌ನ ಪೂರ್ವಜ ವಿಐ ಬರೆದಾಗ ಅವನ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಕೀಲಿಗಳೆಂದು ಬೇರೆ ಇರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣದ ಚಿತ್ರ ಅಚ್ಚಾಗಿತ್ತು. ಪಾಪ, ಇದ್ದದ್ದರಲ್ಲಿ ಕೆಲಸ ಸಾಗಿಸಿದ. ಈಗ ನೀವು ಟಕಟಕ ಸದ್ದು ಮಾಡುವ ದುಬಾರಿ ಕೀಬೋರ್ಡ್ ಕೊಂಡು ‘ಎರ್ಗಾನಾಮಿಕ್ಸ್’ ಎಂಬ ತಲೆಬರಹದಲ್ಲಿ ಬಿಲ್ ಕಳಿಸುತ್ತೀರಿ. ಅದರಲ್ಲಿ ಅಂದವಾದ ನಾಲ್ಕು ಬಾಣದ ಕೀಲಿಗಳೂ ಇವೆ. ಆದರೆ ಅವನ್ನು ಮುಟ್ಟಿದವನು ಪಂಕ್ತಿಯಲ್ಲಿ ಕೂರುವಂತಿಲ್ಲ! ನಾನು ಈ ಪತ್ರವನ್ನು ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಟೈಪಿಸುತ್ತಿದ್ದೇನೆ. ಬಾಣದ ಕೀಲಿ ಧಾರಾಳವಾಗಿ ಬಳಸಿದ್ದೇನೆ, ಇನ್ನೂ ಸ್ನಾನ ಮಾಡಬೇಕೆನಿಸಿಲ್ಲ.

ಇನ್ನು ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯ ಪುಟವನ್ನು ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಜನ ತೆರೆದು ನೋಡಿದ್ದಾರೆಂದು ಸ್ಟ್ಯಾಕ್ ಓವರ್‌ಫ್ಲೋದವರೇ 2017ರಲ್ಲಿ ಹೇಳಿದ್ದರು. ಇದಕ್ಕೆ ನನ್ನ ಟಿಪ್ಪಣಿ ಬೇಕಿಲ್ಲ.

ಈಮ್ಯಾಕ್ಸ್ ಮಠದವರು ಸಂಖ್ಯೆಯಲ್ಲಿ ಕಡಿಮೆ, ಶ್ರದ್ಧೆಯಲ್ಲಿ ಹೆಚ್ಚು. ಅದರೊಳಗೆ ಟೆಟ್ರಿಸ್ ಆಟವಿದೆ, ‘ಡಾಕ್ಟರ್’ ಎಂದು ಕರೆದರೆ ಮನಶ್ಶಾಸ್ತ್ರಜ್ಞನ ಧಾಟಿಯಲ್ಲಿ ಮಾತಾಡಿಸುವ ಪ್ರೋಗ್ರಾಮೂ ಇದೆ. ನೌಕರರ ಮಾನಸಿಕ ಆರೋಗ್ಯದ ಬಾಬ್ತಿನಲ್ಲಿ ನನಗೆ ಪುಕ್ಕಟೆ ಸಿಕ್ಕ ಏಕೈಕ ಸೌಲಭ್ಯ ಅದು. ಹಿಂದೊಮ್ಮೆ ಎಂಟು ಮೆಗಾಬೈಟ್ ನುಂಗುತ್ತದೆಂದು ಇದೇ ಈಮ್ಯಾಕ್ಸನ್ನು ಜನ ಗೇಲಿ ಮಾಡುತ್ತಿದ್ದರಂತೆ. ಈಗ ‘ಊಟ ಆಯ್ತಾ’ ಎಂದು ಕೇಳುವ ಚಾಟ್ ಕಿಟಕಿಯೊಂದೇ ಅದರ ಹತ್ತಾರು ಪಟ್ಟು ನುಂಗುತ್ತದೆ, ನೀವು 32 ಜಿಬಿ ಲ್ಯಾಪ್‌ಟಾಪಿಗೆ ಅರ್ಜಿ ಹಾಕುತ್ತೀರಿ.

ನಿಮ್ಮ ಪರಿಭಾಷೆಯ ವಿಷಯಕ್ಕೆ ಬರೋಣ. ‘ಟೆಕ್ನಿಕಲ್ ಡೆಟ್ ಜಾಸ್ತಿಯಾಗಿದೆ ಸರ್’ ಎಂದು ಪ್ರತಿ ಮೀಟಿಂಗಿನಲ್ಲೂ ಮುಖ ಸಣ್ಣದು ಮಾಡಿಕೊಂಡು ಹೇಳುತ್ತೀರಿ. ಆ ಮಾತು ನಮ್ಮ ಕಡೆಯಿಂದ ಎರವಲು ಹೋದದ್ದು. 1992ರಲ್ಲಿ ವಾರ್ಡ್ ಕನ್ನಿಂಗ್ಹ್ಯಾಮ್ ಅದನ್ನು ಬಳಕೆಗೆ ತಂದಾಗ ಅವರ ತಂಡ ಕಟ್ಟುತ್ತಿದ್ದದ್ದು ಹಣಕಾಸಿನ ತಂತ್ರಾಂಶ. ಸಾಲದ ಭಾಷೆಯಲ್ಲಿ ಹೇಳಿದರೆ ಮೇಲಿನವರಿಗೆ ತಲೆಗೆ ಹೋದೀತು ಎಂಬ ಜಾಣತನ ಅದು. ಆದರೆ ನನಗೆ ಗೊತ್ತಿರುವ ಸಾಲಕ್ಕೆ ಅಸಲಿರುತ್ತದೆ, ಬಡ್ಡಿಯಿರುತ್ತದೆ, ಕಂತಿರುತ್ತದೆ, ಜಾಮೀನು ಹಾಕಿ ಕೈ ಸುಟ್ಟುಕೊಂಡ ಭಾವಮೈದನೊಬ್ಬನಿರುತ್ತಾನೆ. ನಿಮ್ಮ ಸಾಲದ ಅಸಲೆಷ್ಟು ಎಂದು ಕೇಳಿದರೆ ‘ಅದನ್ನ ಹಾಗೆ ಎಸ್ಟಿಮೇಟ್ ಮಾಡಕ್ಕಾಗಲ್ಲ’ ಅನ್ನುತ್ತೀರಿ. ಸಾಲ ಮಾಡಿದವನು ಮೂವತ್ತು ಪರ್ಸೆಂಟ್ ಹೈಕ್ ತಗೊಂಡು ಪಕ್ಕದ ಟೆಕ್ ಪಾರ್ಕಿಗೆ ಹಾರಿರುತ್ತಾನೆ. ಹೋದ ತಿಂಗಳು ಸೇರಿದ ಫ್ರೆಶರ್ ಹುಡುಗಿ ರಾತ್ರಿ ಹನ್ನೊಂದಕ್ಕೆ ಕೂತು ಅದರ ಬಡ್ಡಿ ಕಟ್ಟುತ್ತಿರುತ್ತಾಳೆ.

‘ಬೈಕ್‌ಶೆಡ್ ಮಾಡ್ಬೇಡ್ರೋ’ ಎಂಬುದು ನಿಮ್ಮ ಇನ್ನೊಂದು ಮಂತ್ರ. ಇದೂ ನಿಮ್ಮ ಸ್ವಯಾರ್ಜಿತವಲ್ಲ. ಪಾರ್ಕಿನ್ಸನ್ ಎಂಬ ಲೇಖಕರು ತಮ್ಮ 1957ರ ಪುಸ್ತಕದಲ್ಲಿ ಒಂದು ಸಮಿತಿಯ ಕಥೆ ಹೇಳುತ್ತಾರೆ. ಅಣು ರಿಯಾಕ್ಟರಿನ ಮಂಜೂರಾತಿ ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ, ಸೈಕಲ್ ಶೆಡ್ಡಿನ ಚಾವಣಿಗೆ ಯಾವ ಶೀಟು ಹೊದಿಸಬೇಕೆಂಬುದು ಮುಕ್ಕಾಲು ಗಂಟೆ ಎಳೆಯುತ್ತದೆ. ರಿಯಾಕ್ಟರ್ ಯಾರಿಗೂ ಗೊತ್ತಿಲ್ಲ, ಶೆಡ್ಡು ಎಲ್ಲರಿಗೂ ಗೊತ್ತು. ನೀವು ಈ ಕಥೆಯನ್ನು ಬಾಯಿಪಾಠ ಮಾಡಿದ್ದೀರಿ. ಆಮೇಲೆ ಕೂತು, ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ ಎಂಬ ಚರ್ಚೆ ಬೈಕ್‌ಶೆಡ್ ಹೌದೋ ಅಲ್ಲವೋ ಎಂದು ಸಂಜೆಯವರೆಗೆ ವಾದಿಸಿದ್ದೀರಿ. ಮೀಟಿಂಗ್ ರೂಮಿನ ಗಾಜಿನ ಆಚೆಯಿಂದ ನೋಡಿದ್ದೇನೆ, ಸಮೋಸದ ಬಿಲ್ಲೂ ನನ್ನ ಬಳಿ ಇದೆ.

ಇಷ್ಟಕ್ಕೇ ನಾನು ಪತ್ರ ಬರೆಯುವವನಲ್ಲ. ಹರಟೆಗೆ ಯಾರ ಅಡ್ಡಿಯೂ ಇಲ್ಲ. ನನ್ನ ತಕರಾರು ಬೆಲೆಯದ್ದು.

ಆಸ್ತಿ ರಿಜಿಸ್ಟರ್ ನನ್ನ ಸುಪರ್ದಿಯಲ್ಲಿದೆ. ನೀವು ಕೂರುವ ಕುರ್ಚಿಗೊಂದು ಸ್ಟಿಕ್ಕರ್ ಇದೆ, ಮಾನಿಟರಿಗೊಂದು ಇದೆ, ಗೋಡೆಯ ವೈಟ್‌ಬೋರ್ಡಿಗೂ ಇದೆ. ಗಿಟ್‌ಗೆ ಇಲ್ಲ. ಓಪನ್‌ಎಸ್‌ಎಸ್‌ಎಲ್‌ಗೆ ಇಲ್ಲ. ಕರ್ಲ್‌ಗೆ ಇಲ್ಲ. ಈ ಮುಕ್ತ ತಂತ್ರಾಂಶಗಳು ಕೊಂಡದ್ದಲ್ಲವಾದ್ದರಿಂದ ನನ್ನ ಪುಸ್ತಕದಲ್ಲಿ ಅವುಗಳ ಮೌಲ್ಯ ಸೊನ್ನೆ. ಲೆಕ್ಕದವನಾಗಿ ನನಗೆ ಬೇರೆ ದಾರಿಯಿಲ್ಲ. ನಿಮಗೇನಾಗಿದೆ? ಎಡಿಟರಿನ ಬಣ್ಣದ ಥೀಮಿಗಾಗಿ ಕತ್ತಿ ಮಸೆಯುವ ನೀವು ಇವುಗಳ ಹೆಸರೆತ್ತಿದ್ದನ್ನು ಬೇಕರಿ ಮುಂದೆ ನಾನು ಕೇಳೇ ಇಲ್ಲ.

2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಸುದ್ದಿಯಾದಾಗ ಹೊರಬಿದ್ದ ಲೆಕ್ಕ ನೆನಪಿದೆಯೇ? ಜಗತ್ತಿನ ಅರ್ಧ ವ್ಯವಹಾರಕ್ಕೆ ಬೀಗ ಹಾಕುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸಗಾರ ಒಬ್ಬನೇ. 2016ರಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೋಡನ್ನು ಬರೆದವನು ಸಿಟ್ಟಿಗೆದ್ದು ಎನ್‌ಪಿಎಂ ಎಂಬ ಕೋಡ್ ಭಂಡಾರದಿಂದ ಕಿತ್ತುಹಾಕಿದ, ದೊಡ್ಡ ದೊಡ್ಡವರ ಬಿಲ್ಡುಗಳು ಮಗುಚಿಕೊಂಡವು. 2024ರಲ್ಲಿ ಎಕ್ಸ್‌ಜಡ್ ಎಂಬ ಮುಕ್ತ ತಂತ್ರಾಂಶದ ಪ್ರಕರಣವಂತೂ ನನ್ನ ನಿದ್ದೆ ಕೆಡಿಸಿತು. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದವನು ದಣಿದಿದ್ದ. ನೆರವಿನ ಸೋಗಿನಲ್ಲಿ ಬಂದವನೊಬ್ಬ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಹಿಂಬಾಗಿಲು ಕೂರಿಸಿದ. ಅದು ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು, ಬೆನ್ನು ಹತ್ತಿದ. ಸೆಕೆಂಡ್ ಉಳಿಸುವ ಮಾತಾಡುವ ನೀವೆಲ್ಲ ಒಂದು ಕಡೆ, ಅರ್ಧ ಸೆಕೆಂಡಿಗೆ ಲೆಕ್ಕ ಕೇಳಿದ ಆತ ಒಂದು ಕಡೆ. ಅವನು ನಮ್ಮ ವಿಭಾಗಕ್ಕೆ ಬರುವುದಾದರೆ ನಾನೇ ಕುರ್ಚಿ ಬಿಟ್ಟುಕೊಡುತ್ತೇನೆ.

ಇಂಥ ತಂತ್ರಾಂಶಗಳಿಗೆ ಹಣ ಕೊಡುವುದು ಹೇಗೆ, ಜಿಎಸ್‌ಟಿ ಬಿಲ್ ಸಿಗುತ್ತದೆಯೇ ಎಂದು ನಮ್ಮವರು ಕೇಳುತ್ತಾರೆ. ಇದೇ ಊರಿನ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಘೋಷಿಸಿತಲ್ಲ. ಅಲ್ಲೂ ನನ್ನಂಥವನೊಬ್ಬ ಗೊಣಗುತ್ತಲೇ ಸಹಿ ಹಾಕಿರಬೇಕು.

ವಿಮ್ ಭಕ್ತರಿಗೆ ವಿಶೇಷ ವಿಜ್ಞಾಪನೆ. ಫೈಲಿಲ್ಲದೆ ಬರಿಯ ವಿಮ್ ತೆರೆದರೆ, ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. 2023ರಲ್ಲಿ ತೀರಿಕೊಂಡ ವಿಮ್‌ನ ಕರ್ತೃ ಬ್ರಾಮ್ ಮೊಲೆನಾರ್ ತನ್ನ ಉಪಕರಣಕ್ಕೆ ಕೇಳಿದ ಬೆಲೆ ಅಷ್ಟೇ. ಅದೂ ಕಡ್ಡಾಯವಲ್ಲ. ನಿಮ್ಮಲ್ಲಿ ಯಾರಾದರೂ ಕೊಟ್ಟಿದ್ದರೆ ರಸೀದಿ ತನ್ನಿ. ಅಷ್ಟೇ ಮೊತ್ತವನ್ನು ಕಂಪನಿಯಿಂದಲೂ ಸೇರಿಸಲು ಮೇಲಿನವರನ್ನು ಒಪ್ಪಿಸಿದ್ದೇನೆ. ಸರ್ಕ್ಯುಲರ್ ಹೊರಟು ಬಹಳ ದಿನವಾಯಿತು, ಇದುವರೆಗೆ ಬಂದ ಉತ್ತರವೊಂದೇ: ‘ಅಂಕಲ್, ನಿಯೋವಿಮ್ ಬಳಸುವವರಿಗೂ ಇದು ಅನ್ವಯವೇ?’

ಅನ್ವಯ. ನ್ಯಾನೋ ಬಳಸುವವರಿಗೂ ಅನ್ವಯ. ಇದೇ ಕಾಗದದ ಜತೆ ಎಐ ಸಹಾಯಕನ ಹೊಸ ಅರ್ಜಿ ನಮೂನೆ ಲಗತ್ತಿಸಿದೆ. ಆ ಬಿಲ್ಲು ಈಗ ತಲೆಗಿಷ್ಟು ಎಂದಲ್ಲ, ಟೋಕನ್ ಲೆಕ್ಕದಲ್ಲಿ ಮೀಟರ್ ಮೇಲೆ ಬರುತ್ತಿದೆ. ‘ಕಾರಣ’ ಎಂಬ ಕಾಲಮ್ಮಿನಲ್ಲಿ ‘ಪ್ರೊಡಕ್ಟಿವಿಟಿ’ ಎಂದಷ್ಟೇ ಬರೆದ ಅರ್ಜಿಗಳು ಷರಾ ಇಲ್ಲದೆ ವಾಪಸಾಗುತ್ತವೆ.

ಇಂತಿ,
ಪ್ರಿಂಟರ್ ಪಕ್ಕದವನು