ಏಳ್ನೂರಾ ಇಪ್ಪತ್ತರ ಅಪ್ಪ

ಭಾನುವಾರ ಬಾಗಲಕೋಟೆಯ ನವನಗರದಲ್ಲಿ ಈತನನ್ನು ಗುರುತಿಸುವುದು ಕಷ್ಟವಲ್ಲ. ಕೋಚಿಂಗ್ ಕ್ಲಾಸಿನ ಗೇಟಿನೆದುರು ಬೈಕಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಗೋಡೆಗೆ ಒರಗದೆ ನಿಂತಿರುತ್ತಾನೆ. ಮಾಕ್ ಟೆಸ್ಟ್ ಮುಗಿಸಿ ಮಗಳು ಹೊರಬಂದರೆ ಉಳಿದ ಅಪ್ಪಂದಿರು ಹಸಿವಾಯಿತೇನೆಂದು ಕೇಳಿಯಾರು. ಈತನದು ಒಂದೇ ಪ್ರಶ್ನೆ: ‘ಎಷ್ಟ್ ಬೀಳ್ತಾವ?’

ಎಷ್ಟಕ್ಕೆ ಎಷ್ಟು ಎಂದು ಹೇಳುವ ಅಗತ್ಯವಿಲ್ಲ. ಆ ಮನೆಯಲ್ಲಿ ಎಲ್ಲವೂ 720ಕ್ಕೆ. ನೀಟ್ ಎಂದರೆ 180 ಪ್ರಶ್ನೆ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಮಗಳು ಸೆಕೆಂಡ್ ಪಿಯುಸಿಯ ಪುಸ್ತಕ ತೆರೆಯುವ ಮೊದಲೇ ಈತ ರೂಲು ಹೊಡೆದ ರಿಜಿಸ್ಟರ್ ತಂದು, ಕೆಂಪು ನೀಲಿ ಪೆನ್ನಿನಲ್ಲಿ ಗೆರೆ ಎಳೆದು ಗ್ರಾಫ್ ಶುರುಮಾಡಿದ್ದ. ಕೆಲಸ ನೀರಾವರಿ ಕಚೇರಿಯಲ್ಲಿ. ಮಟ್ಟ ಬರೆದಿಡುವುದು ಅಭ್ಯಾಸವಾಗಿಬಿಟ್ಟಿದೆ. ಆಲಮಟ್ಟಿಯ ನೀರಾದರೂ 519.60 ಮೀಟರಿಗೆ ಬಂದು ನಿಲ್ಲುತ್ತದೆ, ಮಗಳ ಅಂಕಕ್ಕೆ ಅಂಥದೊಂದು ಗರಿಷ್ಠ ಮಟ್ಟವನ್ನು ಈತ ಇನ್ನೂ ಮಂಜೂರು ಮಾಡಿಲ್ಲ.

ಒಂದು ಟೆಸ್ಟಿನಲ್ಲಿ 540 ಬಂತು. ಅಂದೇ ಸಂಜೆ ಅಮೀನಗಡದ ಕರದಂಟು ಮನೆಗೆ ಬಂತು. ಮುಂದಿನದರಲ್ಲಿ 496. ಊಟದ ಹೊತ್ತಿಗೆ ಮುಕ್ಕಾಲು ಗಂಟೆ ಬೈದ. ಅದರ ಮುಂದಿನದರಲ್ಲಿ 531. ‘ನೋಡು, ಸಿಹಿ ತಿನಿಸಿದ್ರ ಇಳೀತಾವ, ಬೈದ್ರ ಏರ್ತಾವ’ ಎಂದು ಹೆಂಡತಿಗೆ ತೀರ್ಪು ಕೊಟ್ಟ. ಮನೆಯಲ್ಲಿ ಕರದಂಟು ಬಂದ್ ಆಯಿತು.

ಈ ಶೋಧ ಈತನೊಬ್ಬನದೇ ಅಲ್ಲ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್‌ಗೆ ಇಸ್ರೇಲಿನ ವಾಯುಪಡೆಯ ತರಬೇತುದಾರನೊಬ್ಬ ಇದನ್ನೇ ಹೇಳಿದ್ದ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಡಿಸಿದವನಿಗೆ ಬೈದರೆ ಸುಧಾರಿಸುತ್ತಾನೆ. ಕಾನೆಮನ್ ಒಪ್ಪಲಿಲ್ಲ. ಬಹಳ ಚೆನ್ನಾಗಿ ಆದದ್ದರ ಬೆನ್ನಿಗೆ ಸಾಧಾರಣವಾದದ್ದು ಬರುವುದು, ಬಹಳ ಕೆಟ್ಟದ್ದರ ಬೆನ್ನಿಗೂ ಸಾಧಾರಣವಾದದ್ದೇ ಬರುವುದು ಲೆಕ್ಕದ ಸಹಜ ಗತಿ. ಹೊಗಳಿಕೆ, ಬೈಗುಳ ನಡುವೆ ಬಂದು ಹೆಸರು ತೆಗೆದುಕೊಳ್ಳುತ್ತವೆ, ಅಷ್ಟೆ. ಆ ಹುಡುಗಿ ಸದ್ಯಕ್ಕೆ ಐನೂರಿಪ್ಪತ್ತರ ಆಸುಪಾಸಿನ ವಿದ್ಯಾರ್ಥಿನಿ. ಅವಳಿಗೆ ನಿಜವಾಗಿ ನಷ್ಟವಾದದ್ದು ಕರದಂಟು.

ಈತನ ಪ್ರತಿಷ್ಠೆ ಶಿಖರಕ್ಕೇರಿದ್ದು 2024ರ ಜೂನ್ 4ರಂದು. ಲೋಕಸಭೆಯ ಮತ ಎಣಿಕೆಯ ದಿನ. ಊರೆಲ್ಲ ಟಿವಿ ಮುಂದೆ ಕೂತು ಅಭ್ಯರ್ಥಿ ಗದ್ದಿಗೌಡರ ಲೀಡ್ ನೋಡುತ್ತಿದ್ದರೆ ಈತ ಮೊಬೈಲಿನಲ್ಲಿ ನೀಟ್ ಫಲಿತಾಂಶ ನೋಡುತ್ತಿದ್ದ. ಜೂನ್ 14ಕ್ಕೆ ಬರಬೇಕಿದ್ದದ್ದು ಹತ್ತು ದಿನ ಮೊದಲೇ ಬಂದಿತ್ತು. ಮಗಳು ಆಗಿನ್ನೂ ಹೈಸ್ಕೂಲಿನಲ್ಲಿದ್ದಳು, ಆದರೆ ಅಪ್ಪನ ಅಭ್ಯಾಸ ಶುರುವಾಗಿತ್ತು. ಯಾರಿಗೋ 718, ಇನ್ಯಾರಿಗೋ 719 ಬಂದಿದೆಯೆಂದು ಕಂಡದ್ದೇ ಚಹಾದಂಗಡಿಗೆ ಓಡಿದ. ‘ಎಲ್ಲಾ ಸರಿ ಇದ್ರ 720. ಒಂದ್ ಬಿಟ್ರ 716. ಒಂದ್ ತಪ್ಪಾದ್ರ 715. ಈ 719 ಎಲ್ಲಿಂದ ಹುಟ್ತ್ರೀ?’ ಯಾರೂ ಉತ್ತರಿಸಲಿಲ್ಲ. ಕೆಲವೇ ದಿನಗಳಲ್ಲಿ ದೇಶವೇ ಅದನ್ನು ಕೇಳಿತು. ಸಮಯ ನಷ್ಟಕ್ಕೆಂದು 1,563 ಮಂದಿಗೆ ಕೃಪಾಂಕ ಕೊಟ್ಟದ್ದು ಹೊರಬಿತ್ತು, ಅದು ರದ್ದಾಯಿತು, ಜೂನ್ 23ಕ್ಕೆ ಅವರಿಗೆ ಮರುಪರೀಕ್ಷೆ ನಡೆಯಿತು. ಅಂದಿನಿಂದ ಚಹಾದಂಗಡಿಯವನೂ ಈತನಿಗೆ ‘ಸರ’ ಅನ್ನುತ್ತಾನೆ.

ಈ ಜಾತಿಯ ಅಪ್ಪಂದಿರು ಬಾಗಲಕೋಟೆಗೆ ಮಾತ್ರ ಸೀಮಿತರಲ್ಲ. ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಒಬ್ಬನಿದ್ದಾನೆ. ಮಗನದು ಜೆಇಇ ಮೇನ್, ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಯಾವುದು ಹೆಚ್ಚೋ ಅದು ಲೆಕ್ಕಕ್ಕೆ. ‘ಜನವರಿದು ಮಾಕ್ ಇದ್ದಂಗ, ಖರೇದ್ದು ಏಪ್ರಿಲ್‌ನ್ಯಾಗ’ ಎಂಬುದು ಅವನ ಸಿದ್ಧಾಂತ. ಆದರೆ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಸೇರುವುದೂ ಸಾಮಾನ್ಯವಾಗಿ ಜನವರಿಯಲ್ಲೇ, ನಾಟಕ ಕಂಪನಿಗಳ ಡೇರೆ ಏಳುವುದೂ ಆಗಲೇ. ಮಗನಿಗೆ ನಾಟಕ ಬಂದ್. ಅಪ್ಪ ಮಾತ್ರ ಮಗನ ಚಿಂತೆ ಮರೆಯಲೆಂದು ಮುಂದಿನ ಸಾಲಿನ ಕುರ್ಚಿಯಲ್ಲಿ. ಹುನಗುಂದದವನು ಮಾಸ್ತರ, 2024ರಿಂದ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆಂದ ಮೇಲೆ, 94 ಬಂದರೂ ಮಗನನ್ನು ‘ಪರೀಕ್ಷೆ-2’ಕ್ಕೆ ಕೂರಿಸುತ್ತಾನೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ ಹಿಡಿಯುವುದರಿಂದ ಅವನ ಹಟದಲ್ಲಿ ಒಂದಿಷ್ಟು ಹುರುಳೂ ಇದೆ.

ಇಳಕಲ್ಲಿನ ಸೀರೆ ವ್ಯಾಪಾರಿಯದು ಪರ್ಸೆಂಟೈಲ್ ಕಾಯಿಲೆ. ಟೋಪ್ ತೆನಿ ಸೆರಗು ಹಾಸಿ ತೋರಿಸುತ್ತಲೇ ಗಿರಾಕಿಗೆ ‘ಮಗನದು 99 ಬಂದೈತ್ರೀ’ ಎನ್ನುತ್ತಾನೆ. ಹತ್ತು ಲಕ್ಷ ಮಂದಿ ಬರೆದರೆ 99ರವನ ಮುಂದೆ ಹತ್ತು ಸಾವಿರ ಮಂದಿ ನಿಂತಿರುತ್ತಾರೆಂಬುದನ್ನು ಯಾರೂ ಹೇಳಿಲ್ಲ. ಹೇಳುವುದೂ ಬೇಡ, ವ್ಯಾಪಾರ ಚೆನ್ನಾಗಿ ನಡೆದಿದೆ.

ನವನಗರದ ನಮ್ಮ ಅಪ್ಪನಿಗೆ ಹೊಸ ಆಸೆ ಹುಟ್ಟಿಸಿದವನು ಅಮೆರಿಕದಲ್ಲಿರುವ ಷಡ್ಡಕ. ಅಲ್ಲಿ ಕಾಲೇಜು ಸೇರಲು ಎಸ್‌ಎಟಿ, ಅದಕ್ಕೆ ಮೊದಲು ಪಿಎಸ್‌ಎಟಿ. 2017ರಲ್ಲಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್, ಖಾನ್ ಅಕಾಡೆಮಿಯ ಉಚಿತ ಪಾಠದಲ್ಲಿ 20 ತಾಸು ಅಭ್ಯಾಸ ಮಾಡಿದವರ ಅಂಕ ಎರಡರ ನಡುವೆ ಸರಾಸರಿ 115 ಏರಿದೆಯೆಂದು ಪ್ರಕಟಿಸಿತ್ತು. ಫೋನ್ ಇಟ್ಟದ್ದೇ ತಡ, ಈತ ರಿಜಿಸ್ಟರ್ ತೆಗೆದು 540ಕ್ಕೆ 115 ಕೂಡಿಸಿ 655 ಎಂದು ಬರೆದ. ಆ 115 ಏರಿದ್ದು 1600 ಅಂಕದ ಪರೀಕ್ಷೆಯಲ್ಲಿ. ಅಭ್ಯಾಸ ಮಾಡದವರ ಅಂಕವೂ ಅದರ ಅರ್ಧದಷ್ಟು ತಾನಾಗಿ ಏರಿತ್ತು. ಇಪ್ಪತ್ತು ತಾಸು ತಾವಾಗಿ ಕೂತವರು ಮೊದಲೇ ಹಟದ ಮಕ್ಕಳಾಗಿದ್ದಿರಬಹುದು. ಈ ಮೂರು ಸಂಗತಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ನಿಜವಾದ ಲೋಪ ಕಂಡದ್ದು ತಾಯಿಗೆ. ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು: ‘ಖರೇ ಪರೀಕ್ಷಾ ಮಧ್ಯಾಹ್ನ ಎರಡಕ್ಕಂತ. ಇವ್ರು ಮುಂಜಾನೆ ಹತ್ತಕ್ಕ ಯಾಕ ಬರಸ್ತಾರ?’ ಮನೆ ಸ್ತಬ್ಧವಾಯಿತು. ಮೇ ತಿಂಗಳ ಬಾಗಲಕೋಟೆ, ಉಂಡ ಮೇಲಿನ ಎರಡು ಗಂಟೆ, ಎದುರಿಗೆ ಭೌತಶಾಸ್ತ್ರದ 45 ಪ್ರಶ್ನೆ. ಮುಂದಿನ ಭಾನುವಾರದಿಂದ ಟೆಸ್ಟ್ ಮನೆಯಲ್ಲೇ, ಊಟ ಹನ್ನೊಂದೂವರೆಗೆ ಆಯಿತು. ಒಂದೂವರೆಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿತ್ತು, ಪರೀಕ್ಷಾ ಕೇಂದ್ರದ ಗೇಟು ಮುಚ್ಚುವ ಹೊತ್ತಿಗೆ. ಎರಡರಿಂದ ಐದರವರೆಗೆ ಕುಕ್ಕರ್ ಕೂಡ ಸೀಟಿ ಹೊಡೆಯುವಂತಿರಲಿಲ್ಲ.

ಇತ್ತ ಮಗಳು ಅಪ್ಪ ಎಂದೂ ತೆರೆಯದ ವಸ್ತುವೊಂದನ್ನು ತೆರೆದಿದ್ದಳು: ಬರೆದು ಮುಗಿದ ಹಳೆಯ ಪ್ರಶ್ನೆಪತ್ರಿಕೆ. ತಪ್ಪಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗಿಳಿಸಿ ನೋಡಿದರೆ, ಓದದೇ ತಪ್ಪಿದವು ಕಡಿಮೆ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂದಲ್ಲಿ ಸರಿಯಾದದ್ದಕ್ಕೆ ಗೋಲ ತುಂಬಿದ್ದು, ಓಎಂಆರ್ ಶೀಟಿನಲ್ಲಿ ಒಂದು ಸಾಲು ಜಾರಿದ್ದು, ಸೆಂಟಿಮೀಟರನ್ನು ಮೀಟರ್ ಮಾಡಲು ಮರೆತದ್ದು. ಒಂದು ತಪ್ಪು ಸರಿಯಾದರೆ ಕಳೆದುಹೋಗುವ ಒಂದು ಉಳಿದು, ಬರಬೇಕಾದ ನಾಲ್ಕು ಬಂದು, ಐದು ಅಂಕದ ವ್ಯತ್ಯಾಸ. ಹನ್ನೆರಡು ಸರಿಯಾದರೆ ಅರವತ್ತು. ‘ಟೆಸ್ಟ್ ಸಾಕು, ಪುಸ್ತಕ ಮತ್ತೊಮ್ಮೆ ಓದು’ ಎಂಬ ಅಪ್ಪನ ಉಪದೇಶವನ್ನೂ ಅವಳು ಪಾಲಿಸಲಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಅವಳ ಪರವಾಗಿದೆ: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು, ವಾರದ ನಂತರ ಕೇಳಿದರೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು ಮುಂದು.

ಗ್ರಾಫ್ 590 ಮುಟ್ಟಿತು. ಆ ಚುಕ್ಕೆಯ ಪಕ್ಕದಲ್ಲಿ ಅಪ್ಪ ಕೆಂಪು ಪೆನ್ನಿನಿಂದ ಬರೆದ: ‘ಬೈದ ಪರಿಣಾಮ’.

ಸಿಇಟಿಯ ಹಿಂದಿನ ರಾತ್ರಿ ಆತ ಕೊನೆಯ ಸಲಹೆ ಕೊಟ್ಟ: ‘ಗೊತ್ತಿಲ್ಲದ್ದು ಮುಟ್ಟಬ್ಯಾಡವಾ.’ ಮಗಳು ತಲೆಯೆತ್ತದೆ ಅಂದಳು, ‘ಪಪ್ಪಾ, ಸಿಇಟಿಗೆ ನೆಗೆಟಿವ್ ಇಲ್ಲ. 80 ನಿಮಿಷದಾಗ ಅರವತ್ತೂ ತುಂಬೇ ಬರ್ತೀನಿ.’ ಈತ ಗಂಟಲು ಸರಿಮಾಡಿಕೊಂಡು, ಹಾಲ್ ಟಿಕೆಟಿನ ಐದನೆಯ ಜೆರಾಕ್ಸ್ ಮಾಡಿಸಿಕೊಂಡು ಬರಲು ಹೊರಟ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ರಿಜಿಸ್ಟರ್ ಅಟ್ಟಕ್ಕೇರುತ್ತದೆಂದು ಮನೆಯವರು ನಂಬಿದ್ದರು. ಆದರೆ ಪರೀಕ್ಷಾ ಪ್ರಾಧಿಕಾರ ನಿಜವಾದ ಸೀಟು ಹಂಚುವ ಮುನ್ನ ಅಣಕು ಸೀಟು ಹಂಚಿಕೆಯನ್ನೂ ಪ್ರಕಟಿಸುತ್ತದೆ. ಅದರ ನಂತರ ಆಪ್ಷನ್‌ಗಳನ್ನು ಬದಲಿಸಬಹುದು, ಸೀಟು ಯಾರದೂ ಅಲ್ಲ. ಆ ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಊರಿನ ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಕಂಡ ರಾತ್ರಿ ಈತ ಬಾದಾಮಿ, ಹುನಗುಂದ, ಇಳಕಲ್ ಮೂರೂ ಕಡೆ ಫೋನ್ ಹಚ್ಚಿದ. ಬೆಳಗ್ಗೆ ಓಣಿಯವರು ಅಭಿನಂದಿಸಲು ಬಂದಾಗ ಮಗಳು ಬಾಗಿಲ ಹಿಂದೆ ನಿಂತು ಅಮ್ಮನಿಗೆ ‘ಅದು ಮಾಕ್ ಐತಿ ಅಂತ ಪಪ್ಪಾಗ ನೀನಾರ ಹೇಳವಾ’ ಎನ್ನುತ್ತಿದ್ದಳು. ಅಷ್ಟರಲ್ಲಿ ಈತ ಸ್ಟೆತಾಸ್ಕೋಪಿಗೆ ರೇಟು ಕೇಳಿ ಬಂದಾಗಿತ್ತು.